ರಾಜ್ಯಸಭೆಗೆ ಕಳುಹಿಸಿದವರನ್ನು ಕೇಳುವವರು ಯಾರು? ಕರ್ನಾಟಕ ವಿಧಾನಸಭೆಯ ಸದಸ್ಯರಿಗೆ ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆಯ ಮಾನ್ಯ ಸದಸ್ಯರಿಗೆ,

ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರನೂ ರಾಜ್ಯಶಾಸ್ತ್ರದ ನಿವೃತ್ತ ಉಪನ್ಯಾಸಕನೂ ಆದ ಮತದಾರನೊಬ್ಬನ ನಮಸ್ಕಾರಗಳು.

ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ತಾವು ಚಲಾಯಿಸುವ ಒಂದು ಮತದ ಕುರಿತು ಈ ಪತ್ರ ಬರೆಯುತ್ತಿದ್ದೇನೆ. ರಾಜ್ಯದ ಐದು ಕೋಟಿಗೂ ಮೀರಿದ ಮತದಾರರಲ್ಲಿ ಆ ಮತದ ಹಕ್ಕಿರುವುದು ಚುನಾಯಿತರಾದ ತಮ್ಮ 224 ಮಂದಿಗೆ ಮಾತ್ರ. ಲೋಕಸಭೆಗೆ ಹೋಗುವ 28 ಮಂದಿಯನ್ನು ನಾವೇ ಆರಿಸುತ್ತೇವೆ. ಕೆಲಸ ಮಾಡದಿದ್ದರೆ ಐದು ವರ್ಷದ ಬಳಿಕ ಮನೆಗೆ ಕಳುಹಿಸುವ ಅವಕಾಶವೂ ನಮಗಿದೆ. ರಾಜ್ಯಸಭೆಯ 12 ಮಂದಿಯನ್ನು ತಾವು ಆರಿಸುತ್ತೀರಿ, ಅದೂ ಆರು ವರ್ಷದ ಅವಧಿಗೆ. ನಾವು ತಮಗೆ ಮತ ಹಾಕುವಾಗ ಈ ಅಧಿಕಾರವನ್ನೂ ತಮ್ಮ ಕೈಗೆ ಒಪ್ಪಿಸಿರುತ್ತೇವೆ. ಆದರೂ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ರಾಜ್ಯಸಭೆಗೆ ಎಂಥವರನ್ನು ಕಳುಹಿಸುತ್ತೇನೆ ಎಂಬುದನ್ನು ಯಾವ ಪಕ್ಷದ ಅಭ್ಯರ್ಥಿಯೂ ನಮ್ಮ ಊರಿನ ಸಭೆಗಳಲ್ಲಿ ಹೇಳಿದ್ದಿಲ್ಲ. ನಾವು ಮತದಾರರೂ ಆ ಪ್ರಶ್ನೆಯನ್ನು ಎತ್ತಿದವರಲ್ಲ.

ಹಲವು ವರ್ಷಗಳ ಹಿಂದೆ ಅಡಿಕೆಯ ಧಾರಣೆ ಕುಸಿದಾಗ ನಮ್ಮ ಕಡೆಯ ಕೆಲವು ಬೆಳೆಗಾರರು ಕೂಡಿ ಒಂದು ಮನವಿ ಬರೆದೆವು. ಹೊರದೇಶದಿಂದ ಬರುವ ಅಡಿಕೆಗೆ ಕನಿಷ್ಠ ಆಮದು ಬೆಲೆಯನ್ನು ನಿಗದಿಪಡಿಸುವುದು ಕೇಂದ್ರ ಸರ್ಕಾರ. ಅದನ್ನು ಏರಿಸಬೇಕೆಂದು ಸಂಬಂಧಪಟ್ಟ ಸಚಿವಾಲಯಕ್ಕೆ ಒತ್ತಾಯ ಮಾಡಿಸುವುದು ನಮ್ಮ ಉದ್ದೇಶವಾಗಿತ್ತು. (ಈ ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿದ್ದು ಬಹಳ ಈಚೆಗೆ, 2023ರ ಫೆಬ್ರುವರಿಯಲ್ಲಿ.) ಲೋಕಸಭೆ ಆಗ ವಿಸರ್ಜನೆಗೊಂಡು ಚುನಾವಣೆಯ ಗದ್ದಲ ಶುರುವಾಗಿತ್ತು. ರಾಜ್ಯಸಭೆಯಾದರೋ ಎಂದೂ ವಿಸರ್ಜನೆಯಾಗದ ಸದನ. ಸಂವಿಧಾನದ 83ನೇ ವಿಧಿಯಂತೆ ಅದರ ಮೂರನೇ ಒಂದು ಭಾಗದಷ್ಟು ಸದಸ್ಯರು ಎರಡು ವರ್ಷಕ್ಕೊಮ್ಮೆ ನಿವೃತ್ತರಾಗುತ್ತಾರೆ, ಸದನ ಮುಂದುವರಿಯುತ್ತದೆ. ತರಗತಿಯಲ್ಲಿ ಇದನ್ನೇ ಪಾಠ ಮಾಡುತ್ತಿದ್ದ ನಾನು, ಇಂಥ ಹೊತ್ತಿಗೆಂದೇ ಅಲ್ಲವೇ ಆ ಸದನ ಇರುವುದು ಎಂದು ವಾದಿಸಿ, ರಾಜ್ಯವನ್ನು ಪ್ರತಿನಿಧಿಸುತ್ತಿದ್ದ ರಾಜ್ಯಸಭಾ ಸದಸ್ಯರೊಬ್ಬರಿಗೆ ಮನವಿಯನ್ನು ತಲುಪಿಸುವಂತೆ ಮಾಡಿದೆ. ಅವರು ಹೊರಗಿನವರಲ್ಲ, ಇದೇ ರಾಜ್ಯದಲ್ಲಿ ಹುಟ್ಟಿ ಬೆಳೆದವರು. ಅವರ ಹೆಸರು ಇಲ್ಲಿ ಬೇಡ. ಅವರ ಕಚೇರಿಯಿಂದ ಬಂದ ಉತ್ತರ ಇಷ್ಟೇ: ರಾಜ್ಯಸಭಾ ಸದಸ್ಯರಿಗೆ ಕ್ಷೇತ್ರ ಎಂಬುದು ಇರುವುದಿಲ್ಲ, ನಿಮ್ಮ ಎಂ.ಪಿ.ಯವರನ್ನು ಕಾಣಿರಿ. ನಮ್ಮ ಎಂ.ಪಿ.ಯವರು ಆ ಹೊತ್ತಿಗೆ ಎಂ.ಪಿ.ಯೇ ಆಗಿರಲಿಲ್ಲ ಎಂಬುದನ್ನು ಅವರಿಗೆ ಯಾರಾದರೂ ನೆನಪಿಸಬೇಕಿತ್ತು.

ಆ ಉತ್ತರ ಒರಟಾಗಿತ್ತೇ ಹೊರತು ಅಪ್ರಾಮಾಣಿಕವಾಗಿರಲಿಲ್ಲ. ಆ ಸದಸ್ಯರಿಗೆ ನಾವು ಮತ ಹಾಕಿರಲಿಲ್ಲ, ಮುಂದೆ ಹಾಕುವವರೂ ಅಲ್ಲ. ಅವರ ಮತದಾರರು ತಾವು. ಆದ್ದರಿಂದ ಅವರನ್ನು ಕೇಳಬೇಕಾದವರೂ ತಾವೇ. ನನ್ನ ದೂರು ಇರುವುದು, ತಾವು ಕೇಳುತ್ತಿಲ್ಲ ಎಂಬುದರ ಬಗ್ಗೆ.

ರಾಜ್ಯಸಭೆಯಲ್ಲಿ ಇಂದು ಇರುವ ಸ್ಥಾನಗಳು 245. ಅವುಗಳಲ್ಲಿ 233 ರಾಜ್ಯಗಳಿಂದಲೂ ವಿಧಾನಸಭೆಯುಳ್ಳ ಕೇಂದ್ರಾಡಳಿತ ಪ್ರದೇಶಗಳಿಂದಲೂ ಚುನಾಯಿತರಾಗುವವರಿಗೆ. ಉಳಿದ 12 ಸ್ಥಾನಗಳಿಗೆ ಸಾಹಿತ್ಯ, ವಿಜ್ಞಾನ, ಕಲೆ ಮತ್ತು ಸಮಾಜಸೇವೆಯ ಕ್ಷೇತ್ರಗಳಿಂದ ರಾಷ್ಟ್ರಪತಿಗಳು ನಾಮಕರಣ ಮಾಡುತ್ತಾರೆ. ಯಾವ ರಾಜ್ಯಕ್ಕೆ ಎಷ್ಟು ಎಂಬುದು ಸಂವಿಧಾನದ ನಾಲ್ಕನೇ ಅನುಸೂಚಿಯಲ್ಲಿದೆ. ಮೊದಲ ಐವತ್ತು ಲಕ್ಷ ಜನರಿಗೆ ಹತ್ತು ಲಕ್ಷಕ್ಕೊಂದರಂತೆ, ಅಲ್ಲಿಂದಾಚೆಗೆ ಇಪ್ಪತ್ತು ಲಕ್ಷಕ್ಕೊಂದರಂತೆ ಎಂಬ ಲೆಕ್ಕದಲ್ಲಿ ಈ ಹಂಚಿಕೆಯಾಯಿತು. 1956ರಲ್ಲಿ ಒಂದುಗೂಡಿದ ನಮ್ಮ ರಾಜ್ಯದ ಭೂಭಾಗದಲ್ಲಿ 1951ರ ಜನಗಣತಿಯ ಪ್ರಕಾರ ಸುಮಾರು 1.94 ಕೋಟಿ ಜನರಿದ್ದರು. ಹಾಗೆ ಬಂದದ್ದು 12 ಸ್ಥಾನ. 2011ರ ಜನಗಣತಿಯಲ್ಲಿ ನಾವು 6.11 ಕೋಟಿಯಾದೆವು, ಸ್ಥಾನ ಹನ್ನೆರಡೇ ಉಳಿಯಿತು. ಉತ್ತರ ಪ್ರದೇಶಕ್ಕೆ 31, ಮಹಾರಾಷ್ಟ್ರಕ್ಕೆ 19, ತಮಿಳುನಾಡಿಗೆ 18, ಗೋವಾಕ್ಕೆ ಮತ್ತು ಸಿಕ್ಕಿಂಗೆ ಒಂದೊಂದು. ಅಮೆರಿಕದ ಸೆನೆಟ್‌ನಲ್ಲಿರುವಂತೆ ಎಲ್ಲ ರಾಜ್ಯಗಳಿಗೂ ಸಮಾನ ಸ್ಥಾನ ಇಲ್ಲಿಲ್ಲ. ಸಂಖ್ಯೆಯ ಈ ಚರ್ಚೆಯನ್ನು ಇಲ್ಲಿಗೇ ಬಿಡುತ್ತೇನೆ. ಅದು ತಮ್ಮ ಕೈಯಲ್ಲಿಲ್ಲ. ಇರುವ ಹನ್ನೆರಡರಲ್ಲಿ ಯಾರನ್ನು ಕೂರಿಸಬೇಕು ಎಂಬುದು ಸಂಪೂರ್ಣವಾಗಿ ತಮ್ಮ ಕೈಯಲ್ಲಿದೆ.

ಸಂಪೂರ್ಣವಾಗಿ ಎಂದು ನಾನು ಬೇಕೆಂದೇ ಹೇಳುತ್ತಿದ್ದೇನೆ. ದ್ವೈವಾರ್ಷಿಕ ಚುನಾವಣೆಯಲ್ಲಿ ನಮ್ಮ ರಾಜ್ಯದಿಂದ ಸಾಮಾನ್ಯವಾಗಿ ನಾಲ್ಕು ಸ್ಥಾನಗಳು ತೆರವಾಗುತ್ತವೆ. ತಮ್ಮ ಪ್ರತಿಯೊಂದು ಮತಪತ್ರಕ್ಕೆ 100 ಅಂಕದ ಮೌಲ್ಯ. 224 ಮತಪತ್ರಗಳ ಒಟ್ಟು ಮೌಲ್ಯ 22,400. ಅದನ್ನು ಸ್ಥಾನಗಳ ಸಂಖ್ಯೆಗಿಂತ ಒಂದು ಹೆಚ್ಚಾದ ಐದರಿಂದ ಭಾಗಿಸಿ ಒಂದು ಕೂಡಿಸಿದರೆ ಗೆಲುವಿಗೆ ಬೇಕಾದ 4,481 ಸಿಗುತ್ತದೆ. ಅಂದರೆ ಪ್ರಥಮ ಪ್ರಾಶಸ್ತ್ಯದ 45 ಮತಗಳಿದ್ದರೆ ಒಬ್ಬರು ಆರು ವರ್ಷ ದೆಹಲಿಯಲ್ಲಿ ನಮ್ಮ ಹೆಸರಿನಲ್ಲಿ ಮಾತನಾಡಬಹುದು. ಪಕ್ಷದ ಶಾಸಕರು ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಬೇಕೆಂಬ ನಿಯಮ ನಿಜ. ಆದರೆ ರಾಜ್ಯಸಭಾ ಚುನಾವಣೆಯಲ್ಲಿ ಬೇರೆಯವರಿಗೆ ಮತ ಹಾಕಿದ ಮಾತ್ರಕ್ಕೆ ಪಕ್ಷಾಂತರವನ್ನು ತಡೆಯುವ ಸಂವಿಧಾನದ ಹತ್ತನೇ ಅನುಸೂಚಿಯಡಿ ಶಾಸಕತ್ವ ಹೋಗುವುದಿಲ್ಲ ಎಂಬುದೂ ಅಷ್ಟೇ ನಿಜ. ಪಕ್ಷ ಅಮಾನತು ಮಾಡಬಹುದು, ಮುಂದಿನ ಬಾರಿ ಟಿಕೆಟ್ ತಪ್ಪಿಸಬಹುದು. 2016ರಲ್ಲಿ ಅಡ್ಡಮತ ಹಾಕಿದ ಜೆಡಿಎಸ್‌ನ ಎಂಟು ಶಾಸಕರು ಅಮಾನತಾದದ್ದು ತಮಗೆ ನೆನಪಿರಬಹುದು. ಅಡ್ಡಮತದ ಆ ಸಂಸ್ಕೃತಿಯನ್ನು ನಾನು ಹೊಗಳುತ್ತಿಲ್ಲ. ಅದರ ಹಿಂದಿನ ಲೆಕ್ಕಾಚಾರಗಳ ಬಗ್ಗೆ ಆ ವರ್ಷ ಹಬ್ಬಿದ ಮಾತುಗಳು ರಾಜ್ಯಕ್ಕೆ ಗೌರವ ತಂದವಲ್ಲ. ಮತಪೆಟ್ಟಿಗೆಯ ಮುಂದೆ ಬಂಡೇಳಬೇಕೆಂದು ನಾನು ಕೇಳುತ್ತಿಲ್ಲ. ಅಭ್ಯರ್ಥಿಯ ಹೆಸರು ನಿಶ್ಚಯವಾಗುವ ಮುನ್ನ ಶಾಸಕಾಂಗ ಪಕ್ಷದ ಸಭೆಯಲ್ಲಿ ತಾವು ಬಾಯಿ ತೆರೆಯಬೇಕೆಂದು ಕೇಳುತ್ತಿದ್ದೇನೆ.

ಈಗ ನಡೆಯುತ್ತಿರುವುದು ಏನೆಂಬುದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ನಾಮಪತ್ರಕ್ಕೆ ಒಂದೆರಡು ದಿನ ಉಳಿದಿರುವಾಗ ದೆಹಲಿಯಿಂದ ಹೆಸರುಗಳು ಪ್ರಕಟವಾಗುತ್ತವೆ. ಅಭ್ಯರ್ಥಿ ವಿಧಾನಸೌಧಕ್ಕೆ ಬಂದಾಗ ಸೂಚಕರಾಗಿ ಸಹಿ ಹಾಕಬೇಕಾದ ಹತ್ತು ಶಾಸಕರಲ್ಲಿ ಕೆಲವರಿಗೆ ಅವರ ಮುಖಪರಿಚಯವೂ ಇರುವುದಿಲ್ಲ. ಸ್ಥಾನದಷ್ಟೇ ಅಭ್ಯರ್ಥಿಗಳಿದ್ದರೆ ಮತದಾನವೂ ನಡೆಯುವುದಿಲ್ಲ. 2020ರ ಜೂನ್‌ನಲ್ಲಿ ನಾಲ್ವರೂ ಅವಿರೋಧವಾಗಿ ಆಯ್ಕೆಯಾದರು.

ಇಲ್ಲಿ ವಾಸಸ್ಥಳದ ಮಾತು ಬರುತ್ತದೆ. 1951ರ ಜನಪ್ರತಿನಿಧಿ ಕಾಯ್ದೆಯ ಮೂರನೇ ಕಲಮಿನ ಪ್ರಕಾರ, ಒಂದು ರಾಜ್ಯದಿಂದ ರಾಜ್ಯಸಭೆಗೆ ಸ್ಪರ್ಧಿಸುವವರು ಅದೇ ರಾಜ್ಯದ ಮತದಾರರಾಗಿರಬೇಕಿತ್ತು. 2003ರ ತಿದ್ದುಪಡಿ ಆ ಷರತ್ತನ್ನು ತೆಗೆದು, ದೇಶದ ಯಾವುದೇ ಲೋಕಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು ಎಂದಿತು. ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸುವ ಮುಕ್ತ ಮತದಾನವನ್ನೂ ಅದೇ ತಿದ್ದುಪಡಿ ತಂದಿತು. ಹಿರಿಯ ಪತ್ರಕರ್ತ, ರಾಜ್ಯಸಭೆಯ ಮಾಜಿ ಸದಸ್ಯ ಕುಲದೀಪ್ ನಯ್ಯರ್ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2006ರ ಆಗಸ್ಟ್ 22ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸದಸ್ಯ ಆ ರಾಜ್ಯದ ನಿವಾಸಿಯಾಗಿರಬೇಕೆಂಬುದು ಸಂವಿಧಾನ ವಿಧಿಸಿದ ಅರ್ಹತೆಯಲ್ಲ, ಅದನ್ನು ತೆಗೆದದ್ದರಿಂದ ಒಕ್ಕೂಟ ವ್ಯವಸ್ಥೆಗೆ ಭಂಗವಾಗುವುದಿಲ್ಲ ಎಂಬುದು ಅದರ ನಿಲುವು. ಕಾನೂನಿನ ಮಟ್ಟಿಗೆ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು.

ಹಳೆಯ ನಿಯಮವನ್ನೇ ಮರಳಿ ತನ್ನಿ ಎಂದು ನಾನು ಕೂಗುವುದಿಲ್ಲ. ಅದು ಜಾರಿಯಲ್ಲಿದ್ದಾಗಲೂ ಬಾಡಿಗೆ ಮನೆಯ ವಿಳಾಸವೊಂದನ್ನು ತೋರಿಸಿ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸುವ ದಾರಿ ಇದ್ದೇ ಇತ್ತು. ಡಾ. ಮನಮೋಹನ ಸಿಂಗ್ 1991ರಿಂದ 2019ರವರೆಗೆ ಅಸ್ಸಾಂನ ಪ್ರತಿನಿಧಿಯಾಗಿದ್ದರು. ಅವರು ಗುವಾಹಟಿಯ ನಿವಾಸಿ ಎಂದು ಯಾರೂ ನಂಬಿದ್ದಿಲ್ಲ, ಅವರು ಸಂಸತ್ತಿಗೆ ಬಾರದೇ ಹೋಗಿದ್ದರೆ ಲೇಸಿತ್ತೆಂದು ಹೇಳುವವರೂ ಹೆಚ್ಚಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಡಾ. ಅಂಬೇಡ್ಕರ್ ಅವರು 1946ರಲ್ಲಿ ಸಂವಿಧಾನ ರಚನಾ ಸಭೆಗೆ ಮೊದಲು ಆಯ್ಕೆಯಾದದ್ದು ತಮ್ಮ ಬೊಂಬಾಯಿ ಪ್ರಾಂತ್ಯದಿಂದಲ್ಲ, ಬಂಗಾಳದಿಂದ. ಊರಿನವರೇ ಬೇಕು ಎಂಬ ಕಟ್ಟುಪಾಡು ಅಂದು ಗಟ್ಟಿಯಾಗಿದ್ದರೆ ಆ ಬಾಗಿಲೂ ಅವರಿಗೆ ಮುಚ್ಚಿಹೋಗುತ್ತಿತ್ತು. ಈ ಉದಾಹರಣೆಯನ್ನು ಮರೆತು ಈ ವಿಷಯವನ್ನು ಚರ್ಚಿಸುವುದು ನ್ಯಾಯವಲ್ಲ.

ಸ್ಥಳೀಯರಾದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. 2002ರಲ್ಲಿ ಮತ್ತು 2010ರಲ್ಲಿ ಇದೇ ವಿಧಾನಸಭೆ ಆರಿಸಿ ಕಳುಹಿಸಿದ ಉದ್ಯಮಿ ವಿಜಯ್ ಮಲ್ಯ ನಮ್ಮ ರಾಜ್ಯದವರೇ. ಬ್ಯಾಂಕ್ ಸಾಲದ ಪ್ರಕರಣದ ನಡುವೆ ಅವರು 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟರು, ಮೇ ತಿಂಗಳಲ್ಲಿ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಮತ ಹಾಕಿದ ಶಾಸಕರಲ್ಲಿ ಯಾರಾದರೂ ತಮ್ಮ ಆಯ್ಕೆಯ ಬಗ್ಗೆ ಜನರ ಮುಂದೆ ಎರಡು ಮಾತು ಹೇಳಿದ್ದರೆ ಅದು ನನ್ನ ಕಿವಿಗೆ ಬಿದ್ದಿಲ್ಲ.

ಇಷ್ಟನ್ನೆಲ್ಲ ಒಪ್ಪಿಕೊಂಡ ಮೇಲೂ, 2003ರ ಸಡಿಲಿಕೆಯನ್ನು ಪಕ್ಷಗಳು ಬಳಸಿಕೊಂಡ ಬಗೆಯನ್ನು ನೋಡಿದರೆ ಸಮಾಧಾನವಾಗುವುದಿಲ್ಲ. ಆಂಧ್ರದ ನೆಲ್ಲೂರು ಕಡೆಯವರಾದ ಎಂ. ವೆಂಕಯ್ಯ ನಾಯ್ಡು 1998ರಿಂದ 2016ರವರೆಗೆ, ಮೂರು ಪೂರ್ಣ ಅವಧಿಗೆ, ಕರ್ನಾಟಕದ ಸದಸ್ಯರಾಗಿದ್ದರು. ನಾಲ್ಕನೇ ಬಾರಿಗೆ ಅವರ ಹೆಸರು ಕೇಳಿಬಂದಾಗ ಸಾಮಾಜಿಕ ಜಾಲತಾಣಗಳಲ್ಲಿ ಕನ್ನಡಿಗರು ‘ವೆಂಕಯ್ಯ ಸಾಕಯ್ಯ’ ಎಂಬ ಅಭಿಯಾನವನ್ನೇ ನಡೆಸಿದರು. ಪಕ್ಷ ಅವರನ್ನು ರಾಜಸ್ಥಾನಕ್ಕೆ ಕಳುಹಿಸಿತು. ಆ ಸ್ಥಾನಕ್ಕೆ ಅದು ಕರ್ನಾಟಕದಲ್ಲಿ ಕಣಕ್ಕಿಳಿಸಿದ್ದು, ಅಲ್ಲಿಯವರೆಗೆ ಆಂಧ್ರವನ್ನು ಪ್ರತಿನಿಧಿಸುತ್ತಿದ್ದ ನಿರ್ಮಲಾ ಸೀತಾರಾಮನ್ ಅವರನ್ನು. ಅದೇ ವರ್ಷ ಕಾಂಗ್ರೆಸ್ಸು ತನ್ನ ಕಡೆಯಿಂದ ಆರಿಸಿದವರಲ್ಲಿ ಜೈರಾಮ್ ರಮೇಶ್ ಒಬ್ಬರು. ಅವರು ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ ಎಂಬುದು ನಿಜವಾದರೂ ಅದಕ್ಕೆ ಮೊದಲು ಅವರೂ ಎರಡು ಅವಧಿಗೆ ಆಂಧ್ರದ ಸದಸ್ಯರೇ. 2024ರಲ್ಲಿ ಕಾಂಗ್ರೆಸ್ಸು ದೆಹಲಿಯ ಅಜಯ್ ಮಾಕನ್ ಅವರನ್ನು ಕಳುಹಿಸಿತು. 2011ರ ಉಪಚುನಾವಣೆಯಂತೂ ಮರೆಯುವಂಥದ್ದಲ್ಲ: ಒಂದು ಕಡೆ ಕನ್ನಡದ ಹಿರಿಯ ವಿದ್ವಾಂಸ ಕೆ. ಮರುಳಸಿದ್ದಪ್ಪ, ಇನ್ನೊಂದು ಕಡೆ ಮುಂಬೈಯ ನಟಿ ಹೇಮಾಮಾಲಿನಿ. ತಮ್ಮ ಹಿಂದಿನವರು ಯಾರನ್ನು ಗೆಲ್ಲಿಸಿದರು ಎಂಬುದನ್ನು ಹೇಳಬೇಕಾಗಿಲ್ಲ.

ಇವರಲ್ಲಿ ಯಾರ ಯೋಗ್ಯತೆಯನ್ನೂ ನಾನು ಪ್ರಶ್ನಿಸುತ್ತಿಲ್ಲ. ಹಣಕಾಸು ಖಾತೆಯನ್ನು ನಿರ್ವಹಿಸುವವರು, ಸದನದಲ್ಲಿ ಪಕ್ಷದ ಮುಖವಾಣಿಯಾಗಿರುವವರು, ಪಕ್ಷದ ಖಜಾಂಚಿಯಾಗಿರುವವರು ಎಲ್ಲರೂ ರಾಷ್ಟ್ರೀಯ ಪಕ್ಷಗಳಿಗೆ ಬೇಕಾದವರು. ಆದರೆ ಒಂದು ವ್ಯಾವಹಾರಿಕ ತೊಡಕಿದೆ. ಕೇಂದ್ರ ಸಚಿವರಾದವರು ಸದನದಲ್ಲಿ ಉತ್ತರ ಕೊಡುತ್ತಾರೆಯೇ ಹೊರತು ಪ್ರಶ್ನೆ ಕೇಳುವುದಿಲ್ಲ. ಪಕ್ಷದ ರಾಷ್ಟ್ರೀಯ ನಾಯಕತ್ವದಲ್ಲಿರುವವರ ಸಮಯ ದೇಶದ ರಾಜಕಾರಣಕ್ಕೆ ಮೀಸಲು. ಹನ್ನೆರಡರಲ್ಲಿ ಇಂಥ ಸ್ಥಾನಗಳು ಹೆಚ್ಚಿದಷ್ಟೂ ಮಹದಾಯಿಯ ಬಗ್ಗೆ, ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ, ಕಲ್ಯಾಣ ಕರ್ನಾಟಕದ ರೈಲುಮಾರ್ಗಗಳ ಬಗ್ಗೆ ಪ್ರಶ್ನೆ ಹಾಕಿ, ಪೂರಕ ಪ್ರಶ್ನೆ ಕೇಳಿ, ಉತ್ತರ ತೃಪ್ತಿಕರವಾಗದಿದ್ದರೆ ಮತ್ತೆ ನೋಟಿಸ್ ಕೊಡುವವರ ಸಂಖ್ಯೆ ಕಡಿಮೆಯಾಗುತ್ತದೆ.

ರಾಜ್ಯಸಭೆ ಏನು ಮಾಡಬಲ್ಲದು ಎಂಬುದನ್ನು ಕೆಲವರು ಹಗುರವಾಗಿ ಕಾಣುತ್ತಾರೆ. ತೆರಿಗೆ, ಸರ್ಕಾರಿ ವೆಚ್ಚಗಳಿಗೆ ಸಂಬಂಧಿಸಿದ ಧನ ಮಸೂದೆಯನ್ನು ಅದು ಹದಿನಾಲ್ಕು ದಿನಕ್ಕಿಂತ ಹೆಚ್ಚು ತಡೆಯಲಾರದು, ಹಾಗಾಗಿ ಅದಕ್ಕೆ ಹಲ್ಲಿಲ್ಲ ಎನ್ನುವವರಿದ್ದಾರೆ. ಆದರೆ ರಾಜ್ಯಪಟ್ಟಿಯಲ್ಲಿರುವ ವಿಷಯವೊಂದರ ಮೇಲೆ ಸಂಸತ್ತು ಶಾಸನ ಮಾಡಲಿ ಎಂದು 249ನೇ ವಿಧಿಯಡಿ ಮೂರನೇ ಎರಡರಷ್ಟು ಬಹುಮತದಿಂದ ನಿರ್ಣಯಿಸುವ ಅಧಿಕಾರ ರಾಜ್ಯಸಭೆಗೆ ಮಾತ್ರ ಇದೆ, ಲೋಕಸಭೆಗಿಲ್ಲ. ಹೊಸ ಅಖಿಲ ಭಾರತ ಸೇವೆಯೊಂದನ್ನು ಸೃಷ್ಟಿಸಲು 312ನೇ ವಿಧಿಯಡಿ ಮೊದಲ ನಿರ್ಣಯವೂ ಇಲ್ಲಿಯೇ ಆಗಬೇಕು. ಸಂವಿಧಾನ ತಿದ್ದುಪಡಿಗೆ ಎರಡೂ ಸದನಗಳು ಪ್ರತ್ಯೇಕವಾಗಿ ಒಪ್ಪಬೇಕು, ಜಂಟಿ ಅಧಿವೇಶನದ ಒಳದಾರಿ ಅಲ್ಲಿಲ್ಲ. ಬೇರೆ ಮಾತಿನಲ್ಲಿ ಹೇಳುವುದಾದರೆ, ತಾವು ಈ ವಿಧಾನಸಭೆಯಲ್ಲಿ ಕುಳಿತು ಶಾಸನ ಮಾಡುವ ಅಧಿಕಾರದ ಗಡಿಯನ್ನು ಕಾಯುವ ಕೆಲಸವನ್ನು ಆ ಹನ್ನೆರಡು ಮಂದಿಗೆ ತಾವೇ ವಹಿಸಿದ್ದೀರಿ. ಕೇಂದ್ರ ತೆರಿಗೆಗಳ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಅವಧಿಯಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಈ ಇಳಿಕೆ ಸರಿಯೋ ತಪ್ಪೋ ಎಂಬುದರಲ್ಲಿ ತಮ್ಮ ತಮ್ಮ ಪಕ್ಷಗಳ ವಾದ ಬೇರೆಬೇರೆ ಇರಬಹುದು. ಇದರ ಬಗ್ಗೆ ರಾಜ್ಯಸಭೆಯಲ್ಲಿ ಏನು ಹೇಳಿದಿರಿ ಎಂದು ತಾವು ಆರಿಸಿದ ಸದಸ್ಯರನ್ನು ಈ ವಿಧಾನಸಭೆಯ ಯಾರಾದರೂ ಜನರ ಕಣ್ಣೆದುರಿಗೆ ಕೇಳಿದ್ದುಂಟೆ?

ಭಾಷೆಯ ವಿಷಯವನ್ನು ಇಲ್ಲಿ ಸೇರಿಸಬೇಕು. 120ನೇ ವಿಧಿಯ ಪ್ರಕಾರ ಸಂಸತ್ತಿನಲ್ಲಿ ಹಿಂದಿ ಅಥವಾ ಇಂಗ್ಲಿಷ್ ಬಾರದ ಸದಸ್ಯರು ಸಭಾಧ್ಯಕ್ಷರ ಅನುಮತಿಯಿಂದ ಮಾತೃಭಾಷೆಯಲ್ಲಿ ಮಾತನಾಡಬಹುದು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿದ್ದು ನಮ್ಮ ಜಿಲ್ಲೆಯ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುವ ಸಂಗತಿ. ರಾಜ್ಯಸಭೆಯಲ್ಲಿ 2018ರಿಂದ ಎಂಟನೇ ಅನುಸೂಚಿಯ ಎಲ್ಲ 22 ಭಾಷೆಗಳಲ್ಲಿ ಮಾತನಾಡಲು ಏಕಕಾಲಿಕ ಅನುವಾದದ ವ್ಯವಸ್ಥೆ ಬಂದಿದೆ. ಆ ವ್ಯವಸ್ಥೆ ಜಾರಿಗೆ ಬಂದದ್ದು ಸಭಾಪತಿಯಾಗಿದ್ದ ವೆಂಕಯ್ಯ ನಾಯ್ಡು ಅವರ ಕಾಲದಲ್ಲಿ. ಈ ಶ್ರೇಯವನ್ನು ಅವರಿಗೆ ಕೊಡಲೇಬೇಕು. ಕನ್ನಡದಲ್ಲಿ ಬರೆದ ಮನವಿಯನ್ನು ಓದಿ, ಬೇಕೆಂದರೆ ಕನ್ನಡದಲ್ಲೇ ಸದನದ ಮುಂದಿಡಬಲ್ಲವರು ಹನ್ನೆರಡರಲ್ಲಿ ಹನ್ನೆರಡು ಮಂದಿಯೂ ಇರಬೇಕೆಂದು ಬಯಸುವುದು ಅತಿಯಾಸೆಯೇನೂ ಅಲ್ಲವೆಂದುಕೊಂಡಿದ್ದೇನೆ.

ಮಹಿಳೆಯರ ವಿಷಯಕ್ಕೆ ಬರುತ್ತೇನೆ. 2010ರ ಮಾರ್ಚ್ 9ರಂದು ರಾಜ್ಯಸಭೆ ಮಹಿಳಾ ಮೀಸಲಾತಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2023ರ ಸೆಪ್ಟೆಂಬರ್‌ನಲ್ಲಿ 106ನೇ ತಿದ್ದುಪಡಿಗೂ ಕೊಟ್ಟಿತು. ಎರಡೂ ಬಾರಿ ಮೀಸಲಾತಿ ಲೋಕಸಭೆಗೆ ಮತ್ತು ವಿಧಾನಸಭೆಗಳಿಗೆ. ರಾಜ್ಯಸಭೆ ಅದನ್ನು ತನಗೆ ಅನ್ವಯಿಸಿಕೊಳ್ಳಲಿಲ್ಲ. ಅಭ್ಯರ್ಥಿಗಳಿಗೆ ಪ್ರಾಶಸ್ತ್ಯದ ಕ್ರಮದಲ್ಲಿ ಅಂಕಿ ಹಾಕುವ ಏಕ ವರ್ಗಾವಣೀಯ ಮತದಿಂದ ನಡೆಯುವ ಚುನಾವಣೆಯಲ್ಲಿ ಮೀಸಲು ಕ್ಷೇತ್ರ ಗುರುತಿಸುವುದು ಕಷ್ಟ ಎಂಬ ವಾದವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಮಹಿಳೆಯೊಬ್ಬರ ಹೆಸರಿನ ಮುಂದೆ ಒಂದು ಎಂಬ ಅಂಕಿ ಬರೆಯಲು ಯಾವ ತಿದ್ದುಪಡಿಯೂ ಬೇಕಾಗಿಲ್ಲ. 2020, 2022 ಮತ್ತು 2024ರ ಮೂರು ದ್ವೈವಾರ್ಷಿಕ ಚುನಾವಣೆಗಳಲ್ಲಿ ಕರ್ನಾಟಕ ಒಟ್ಟು ಹನ್ನೆರಡು ಮಂದಿಯನ್ನು ಆರಿಸಿತು. ಅವರಲ್ಲಿ ಮಹಿಳೆ ಒಬ್ಬರೇ, ಅವರೂ ಹೊರರಾಜ್ಯದಿಂದ ಬಂದವರು. 1974ರಿಂದ 1998ರವರೆಗೆ ಸತತ ನಾಲ್ಕು ಅವಧಿಗೆ ಮಾರ್ಗರೆಟ್ ಆಳ್ವ ಅವರನ್ನು ಕಳುಹಿಸಿದ ರಾಜ್ಯ ಇದು. ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಕೊಟ್ಟ ರಾಜ್ಯದಲ್ಲಿ, ಮೂರು ಸುತ್ತು ಹುಡುಕಿದರೂ ಈ ನೆಲದಲ್ಲಿ ದುಡಿದ ಒಬ್ಬ ಮಹಿಳೆಯೂ ಕಣ್ಣಿಗೆ ಬೀಳಲಿಲ್ಲವೆಂದರೆ, ಹುಡುಕಿದ್ದು ಎಲ್ಲಿ ಎಂದು ಕೇಳಬೇಕಾಗುತ್ತದೆ.

ಇಷ್ಟರ ನಡುವೆ ನನ್ನ ವಾದಕ್ಕೆ ಅಡ್ಡಬರುವ ಒಂದು ಸಂಗತಿಯನ್ನೂ ದಾಖಲಿಸಬೇಕು. 2020ರಲ್ಲಿ ಬಿಜೆಪಿಯ ರಾಜ್ಯ ಘಟಕ ಪ್ರಭಾವಿಗಳ ಹೆಸರುಗಳನ್ನು ಕಳುಹಿಸಿದರೆ, ವರಿಷ್ಠರು ಅವನ್ನು ಬದಿಗಿಟ್ಟು ಬೆಳಗಾವಿ ಜಿಲ್ಲೆಯ ಈರಣ್ಣ ಕಡಾಡಿ ಮತ್ತು ರಾಯಚೂರಿನ ಅಶೋಕ ಗಸ್ತಿ ಎಂಬ ಸಾಮಾನ್ಯ ಕಾರ್ಯಕರ್ತರನ್ನು ಆರಿಸಿದರು. ಸವಿತಾ ಸಮಾಜದಿಂದ ಬಂದ ಗಸ್ತಿಯವರು ಅದೇ ಸೆಪ್ಟೆಂಬರ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡದ್ದು ದುರ್ದೈವ. ಊರಿನ ನೆಲ ಬಲ್ಲವರನ್ನು ಆರಿಸಿದ್ದು ದೆಹಲಿ, ಬಲಾಢ್ಯರನ್ನು ಸೂಚಿಸಿದ್ದು ಬೆಂಗಳೂರು! ಎಲ್ಲ ತಪ್ಪೂ ಹೈಕಮಾಂಡಿನದು ಎಂದು ಹೇಳಿ ಕೈತೊಳೆದುಕೊಳ್ಳುವ ಅವಕಾಶವನ್ನು ಈ ಪ್ರಸಂಗ ಇಲ್ಲಿಯವರಿಗೆ ಉಳಿಸಿಲ್ಲ.

ಒಬ್ಬ ಸದಸ್ಯರ ಒಂದು ಮಾತಿನಿಂದ ಏನಾದೀತು ಎಂದು ಕೇಳುವವರಿಗೆ ಮೈಸೂರಿನ ಆರ್.ಕೆ. ನಾರಾಯಣ್ ಅವರನ್ನು ನೆನಪಿಸುತ್ತೇನೆ. ನಾಮಕರಣಗೊಂಡ ಸದಸ್ಯರಾಗಿ ಅವರು 1989ರಲ್ಲಿ ಮಾಡಿದ ಭಾಷಣ ಶಾಲಾ ಮಕ್ಕಳ ಬೆನ್ನಿನ ಮೇಲಿನ ಪುಸ್ತಕಗಳ ಹೊರೆಯ ಬಗ್ಗೆ. ಮುಂದೆ ಅದೇ ಹೊರೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಪ್ರೊ. ಯಶಪಾಲ್ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಕಂಡದ್ದನ್ನು ಸದನದಲ್ಲಿ ಹೇಳುವವರು ಬೇಕು, ಅಷ್ಟೆ.

ನನ್ನ ಕೋರಿಕೆಗಳು ಕಾನೂನಿನ ತಿದ್ದುಪಡಿಯನ್ನಾಗಲಿ ಹಣವನ್ನಾಗಲಿ ಬೇಡುವುದಿಲ್ಲ. ಎಲ್ಲವೂ ತಮ್ಮ ನಿರ್ಧಾರದಿಂದಲೇ ಆಗಬಹುದಾದವು.

ಮೊದಲನೆಯದಾಗಿ, ಅಭ್ಯರ್ಥಿಯ ಹೆಸರು ನಾಮಪತ್ರದ ಹಿಂದಿನ ರಾತ್ರಿ ಹೊರಬೀಳುವ ಪದ್ಧತಿ ನಿಲ್ಲಬೇಕು. ಯಾವ ಸ್ಥಾನ ಯಾವಾಗ ತೆರವಾಗುತ್ತದೆ ಎಂಬುದು ಆರು ವರ್ಷ ಮೊದಲೇ ಎಲ್ಲರಿಗೂ ತಿಳಿದಿರುತ್ತದೆ. ಆದ್ದರಿಂದ ಕನಿಷ್ಠ ಒಂದು ತಿಂಗಳ ಮುಂಚೆ ಪಕ್ಷಗಳು ಪರಿಗಣನೆಯಲ್ಲಿರುವ ಹೆಸರುಗಳನ್ನು ತಮ್ಮ ಶಾಸಕಾಂಗ ಪಕ್ಷದ ಮುಂದಿಟ್ಟು ಚರ್ಚಿಸುವಂತೆ ತಾವು ಒತ್ತಾಯಿಸಬೇಕು. ಅಭ್ಯರ್ಥಿಗಳು, ಅವರು ಎಲ್ಲಿಯವರೇ ಆಗಿರಲಿ, ಬೆಂಗಳೂರಿನಲ್ಲಷ್ಟೇ ಅಲ್ಲದೆ ಕಲಬುರಗಿಯಲ್ಲೋ ಬೆಳಗಾವಿಯಲ್ಲೋ ಮಂಗಳೂರಿನಲ್ಲೋ ಒಂದೊಂದು ಬಹಿರಂಗ ಸಭೆಯಲ್ಲಿ ಕುಳಿತು ನೀರು, ತೆರಿಗೆ ಪಾಲು, ಬೆಳೆ, ಭಾಷೆಯ ಬಗ್ಗೆ ತಮ್ಮ ನಿಲುವೇನು ಎಂಬುದಕ್ಕೆ ಉತ್ತರಿಸಲಿ. ಪಕ್ಷದ ನಿಲುವು ರಾಜ್ಯದ ಹಿತಕ್ಕೆ ವಿರುದ್ಧವಾದಾಗ ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ಮಾತ್ರ ಬಿಡದೆ ಕೇಳಿಸಿ. ಉತ್ತರ ನುಣುಚಿಕೊಳ್ಳುವಂತಿದ್ದರೆ ಅದೂ ಒಂದು ಉತ್ತರವೇ.

ಎರಡನೆಯದು ನನಗೆ ಹೆಚ್ಚು ಮುಖ್ಯ. ಆಯ್ಕೆಯಾದ ಸದಸ್ಯರು ತಮ್ಮನ್ನು ಆರಿಸಿದ ವಿಧಾನಸಭೆಗೆ ವರದಿ ಒಪ್ಪಿಸಬೇಕೆಂದು ಸಂವಿಧಾನ ಹೇಳುವುದಿಲ್ಲ, ಒಪ್ಪಿಸಬಾರದೆಂದೂ ಹೇಳುವುದಿಲ್ಲ. ಜರ್ಮನಿಯ ಮೇಲ್ಮನೆಯಲ್ಲಿ ಆಯಾ ರಾಜ್ಯ ಸರ್ಕಾರಗಳ ಸಚಿವರೇ ಕುಳಿತಿರುತ್ತಾರೆ, ರಾಜ್ಯದ ಮತಗಳು ಒಟ್ಟಾಗಿ ಬೀಳುತ್ತವೆ. ಅಮೆರಿಕದಲ್ಲಿ 1913ರ ತಿದ್ದುಪಡಿ ಸೆನೆಟರುಗಳ ಆಯ್ಕೆಯನ್ನು ನೇರವಾಗಿ ಜನರಿಗೆ ಒಪ್ಪಿಸುವ ಮುನ್ನ ರಾಜ್ಯ ಶಾಸನಸಭೆಗಳು ತಾವು ಆರಿಸಿದವರಿಗೆ ನಿರ್ದೇಶನ ಕೊಡುವ ರೂಢಿ ಇತ್ತು. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ವರ್ಷಕ್ಕೊಮ್ಮೆ, ಬಜೆಟ್ ಅಧಿವೇಶನದ ಹೊತ್ತಿಗೆ, ಹನ್ನೆರಡು ಸದಸ್ಯರನ್ನೂ ವಿಧಾನಸೌಧಕ್ಕೆ ಆಹ್ವಾನಿಸಿ ಒಂದು ದಿನ ಅವರ ಮಾತು ಕೇಳಿ, ಪ್ರಶ್ನೆ ಕೇಳಿ ಎಂಬುದಷ್ಟೇ ಬಿನ್ನಹ. ಅವರ ಹಾಜರಾತಿ, ಕೇಳಿದ ಪ್ರಶ್ನೆಗಳು, ಪ್ರದೇಶಾಭಿವೃದ್ಧಿ ನಿಧಿಯನ್ನು ಯಾವ ಜಿಲ್ಲೆಗಳಿಗೆ ಕೊಟ್ಟರು ಎಂಬ ವಿವರ ಕನ್ನಡದಲ್ಲಿ ಪ್ರಕಟವಾಗಲಿ. ಆ ನಿಧಿಯನ್ನು ತಾವು ಆಯ್ಕೆಯಾದ ರಾಜ್ಯದ ಯಾವುದೇ ಜಿಲ್ಲೆಗೆ ಕೊಡುವ ಅವಕಾಶ ರಾಜ್ಯಸಭಾ ಸದಸ್ಯರಿಗಿದೆ ಎಂಬುದು ಎಷ್ಟೋ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೇ ಗೊತ್ತಿಲ್ಲ.

ಇದರೊಂದಿಗೆ, ಪ್ರತಿಯೊಬ್ಬ ಸದಸ್ಯರೂ ರಾಜ್ಯದೊಳಗೆ ಒಂದು ಕಚೇರಿಯನ್ನು ತೆರೆದು, ಕನ್ನಡದಲ್ಲಿ ಬಂದ ಪತ್ರಕ್ಕೆ ಕನ್ನಡದಲ್ಲಿ ಉತ್ತರಿಸಬಲ್ಲ ಸಿಬ್ಬಂದಿಯನ್ನು ಇಡಬೇಕೆಂಬುದನ್ನು ಬೆಂಬಲದ ಷರತ್ತಾಗಿ ವಿಧಿಸಿರಿ. ಮುಂದಿನ ಪ್ರತಿ ಸುತ್ತಿನ ನಾಲ್ಕು ಸ್ಥಾನಗಳಲ್ಲಿ ಕನಿಷ್ಠ ಒಂದಕ್ಕೆ ಈ ರಾಜ್ಯದಲ್ಲೇ ಬದುಕಿ ಕೆಲಸ ಮಾಡಿದ ಮಹಿಳೆಯನ್ನು ಆರಿಸಿರಿ. ವಿಧಾನಸಭೆಯಲ್ಲಿ ಈಗ ಇರುವ ಮೂರು ಪ್ರಮುಖ ಪಕ್ಷಗಳೂ ಸೇರಿ ಇದನ್ನು ಒಪ್ಪಿಕೊಂಡರೆ ಯಾರಿಗೂ ನಷ್ಟವಿಲ್ಲ.

ಹೊರರಾಜ್ಯದ ನಾಯಕರೊಬ್ಬರನ್ನು ಕಳುಹಿಸುವುದು ಅನಿವಾರ್ಯ ಎಂದು ತಮಗೆ ಅನಿಸಿದರೆ ಕಳುಹಿಸಿ. ಆದರೆ ಕಾರಣವನ್ನು ತಮ್ಮ ಕ್ಷೇತ್ರದ ಜನರಿಗೆ ತಿಳಿಸಿ. ವರಿಷ್ಠರು ಹೇಳಿದರು ಎಂಬುದನ್ನು ನಾವು ಕಾರಣವೆಂದು ಸ್ವೀಕರಿಸಲಾರೆವು.

ಈ ಪತ್ರದ ಪ್ರತಿಯನ್ನು ನಮ್ಮ ಕ್ಷೇತ್ರದ ಶಾಸಕರಿಗೆ ಖುದ್ದಾಗಿ ಕೊಡಲಿದ್ದೇನೆ. ಮುಂದಿನ ರಾಜ್ಯಸಭಾ ಚುನಾವಣೆಗೆ ಮೊದಲು ಅವರು ತಾಲ್ಲೂಕು ಕೇಂದ್ರದಲ್ಲಿ ಒಂದು ಸಭೆ ಕರೆದು, ತಮ್ಮ ಮತ ಯಾರಿಗೆ ಮತ್ತು ಏಕೆ ಎಂಬುದನ್ನು ನಮಗೆ ಹೇಳಬೇಕೆಂದು ಕೋರುತ್ತೇನೆ. ಉಳಿದ 223 ಮಂದಿಯೂ ತಮ್ಮ ತಮ್ಮ ಕ್ಷೇತ್ರಗಳಲ್ಲಿ ಹಾಗೆ ಮಾಡುವರೆಂದು ನಿರೀಕ್ಷಿಸುತ್ತೇನೆ. ಸಭೆಯ ದಿನಾಂಕವನ್ನು ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಇಡದಿದ್ದರೆ ನಮ್ಮ ಕಡೆಯಿಂದ ಹೆಚ್ಚು ಜನ ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ಮತದಾರ